ಕೇಳಿಸ್ತಿದೆಯಾ, ಕೇಳ್ತಿದ್ದೀರಾ? ಇಂಗ್ಲಿಷ್ ಜೋಡಿಪದಗಳ ರಿಪೇರಿ

ದೂರು

ನಮ್ಮ ಆಫೀಸಿನಲ್ಲಿ ನನಗೊಂದು ಸಂಬಳವಿಲ್ಲದ ಕೆಲಸ ಇದೆ. ಹೊರದೇಶಕ್ಕೆ ಹೋಗುವ ಮೇಲ್‌ಗಳನ್ನು ಹೊಸಬರು ಕಳಿಸುವ ಮುಂಚೆ ನನಗೆ ತೋರಿಸುತ್ತಾರೆ. "ಸರ್, ಒಂದ್ಸಲ ಕಣ್ಣಾಡಿಸಿಬಿಡಿ." ಸ್ಪೆಲಿಂಗನ್ನು ಕಂಪ್ಯೂಟರೇ ತಿದ್ದಿರುತ್ತದೆ. ವ್ಯಾಕರಣವೂ ಸುಮಾರಾಗಿ ಸರಿಯಿರುತ್ತದೆ. ಆದರೂ ಓದುವಾಗ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಆಗುತ್ತದೆ.

ಈ ಬರಹ ಆ ಕಲ್ಲು ಹುಡುಕುವ ಬಗ್ಗೆ. ಅರ್ಥ ಒಂದೇ ಅನ್ನಿಸುವ ಎರಡು ಇಂಗ್ಲಿಷ್ ಪದಗಳಲ್ಲಿ ತಪ್ಪಾದದ್ದನ್ನು ಎತ್ತಿಕೊಂಡಾಗ ಏನಾಗುತ್ತದೆ, ಅದನ್ನು ಹೇಗೆ ಪತ್ತೆ ಮಾಡುವುದು, ಹೇಗೆ ಸರಿಮಾಡುವುದು, ಅಷ್ಟೇ.

ಮೊದಲು ಒಂದು ಕೇಸ್. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಹುಡುಗಿಯೊಬ್ಬಳು ಗಿರಾಕಿಯ ಜೊತೆ ಆನ್‌ಲೈನ್ ಕಾಲ್‌ನಲ್ಲಿದ್ದಳು. ನಾನು ಪಕ್ಕದಲ್ಲಿ ಕೂತಿದ್ದೆ. ನೆಟ್‌ವರ್ಕ್ ಸರಿಯಿರಲಿಲ್ಲ, ಆ ಕಡೆಯಿಂದ ಸದ್ದೇ ಇಲ್ಲ. ಇವಳು ಕೇಳಿದಳು: "ಆರ್ ಯು ಲಿಸನಿಂಗ್ ಟು ಮಿ?" ಉತ್ತರ ಬರಲಿಲ್ಲ. ಸ್ವಲ್ಪ ಜೋರಾಗಿ ಇನ್ನೊಂದು ಸಲ ಕೇಳಿದಳು. ಆಗ ಆ ಕಡೆಯಿಂದ ತಣ್ಣಗೆ ಒಂದು ದನಿ: "ಯೆಸ್. ಐ ಆಮ್ ಲಿಸನಿಂಗ್." ಕಾಲ್ ಬೇಗ ಮುಗಿಯಿತು.

ಅವಳು ಕೇಳಬೇಕಾಗಿದ್ದದ್ದು "ನನ್ನ ಮಾತು ಕೇಳಿಸ್ತಿದೆಯಾ?" ಅಂತ. ಅವರ ಕಿವಿಗೆ ಬಿದ್ದದ್ದು "ನಾನು ಹೇಳೋದನ್ನ ಕಿವಿಮೇಲೆ ಹಾಕ್ಕೊಳ್ತಿದ್ದೀರೋ ಇಲ್ವೋ?" ಅಂತ. ಕೊನೇ ಬೆಂಚಿನ ಹುಡುಗನಿಗೆ ಮೇಷ್ಟ್ರು ಗದರಿದ ಹಾಗೆ. ಪಾಪ, ಇವಳ ಮುಖದಲ್ಲಿ ವಿನಯವೇ ಇತ್ತು. ಕ್ಯಾಮೆರಾ ಆಫ್ ಆಗಿತ್ತು, ಅಷ್ಟೇ.

"ಕ್ಯಾನ್ ಯು ಹಿಯರ್ ಮಿ?" ಅಂದಿದ್ದರೆ ಮುಗಿದುಹೋಗುತ್ತಿತ್ತು.

ಮೊದಲು ಏನು ಮಾಡಬಾರದು

ಪದ ಅನುಮಾನ ಅನ್ನಿಸಿದ ತಕ್ಷಣ ಅದರ ಮೇಲೆ ಕರ್ಸರ್ ಇಟ್ಟು, ಸಮಾನಾರ್ಥಕಗಳ ಪಟ್ಟಿ ತೆಗೆದು, ಅದರಲ್ಲಿ ಚೆನ್ನಾಗಿ ಕಾಣುವ ಒಂದನ್ನು ಎತ್ತಿ ಹಾಕಬೇಡಿ. ಕರೆಂಟ್ ಬರುತ್ತಿಲ್ಲ ಅಂತ ಸಿಕ್ಕ ಫ್ಯೂಸನ್ನೆಲ್ಲ ಕಿತ್ತು ಬದಲಾಯಿಸಿದ ಹಾಗೆ ಅದು. ಇಂಥ ಪಟ್ಟಿಗೆ ಹೆಸರಾದವರು ಪೀಟರ್ ಮಾರ್ಕ್ ರೋಜೆ ಅನ್ನುವ ಇಂಗ್ಲೆಂಡಿನ ವೈದ್ಯರು. 1805ರಲ್ಲಿ ತಮ್ಮ ಬಳಕೆಗೆ ಅಂತ ಶುರುಮಾಡಿ, 1852ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅಚ್ಚು ಹಾಕಿಸಿದರು. ಪದ ಗೊತ್ತಿದೆ, ನಾಲಿಗೆ ತುದಿಯಲ್ಲಿದೆ, ಆದರೆ ಬಾಯಿಗೆ ಬರುತ್ತಿಲ್ಲ ಅನ್ನುವವರಿಗೆ ಆ ಪಟ್ಟಿ ಬಹಳ ಚೆನ್ನ. ಪದಗಳ ನಡುವಿನ ವ್ಯತ್ಯಾಸವೇ ಗೊತ್ತಿಲ್ಲದವರಿಗೆ ಅದು ಕತ್ತಲಕೋಣೆ.

ಇಂಗ್ಲಿಷ್–ಕನ್ನಡ ನಿಘಂಟು ತೆಗೆದರೂ ಇಲ್ಲಿ ಜಾಸ್ತಿ ಉಪಯೋಗ ಇಲ್ಲ. ಹಿಯರ್ ಅಂದರೆ ಕೇಳು ಅನ್ನುತ್ತದೆ. ಲಿಸನ್ ಅಂದರೂ ಕೇಳು ಅನ್ನುತ್ತದೆ. ಎರಡೂ ಸರಿ. ನಮ್ಮ ಹುಡುಗಿ ಜಾರಿದ್ದು ಅಲ್ಲೇ.

ದೋಷ ಎಲ್ಲಿದೆ

ನನ್ನ ಅನುಭವದಲ್ಲಿ ಈ ಥರದ ತಪ್ಪುಗಳಲ್ಲಿ ಬಹುಪಾಲು ಇಂಗ್ಲಿಷಿನ ಕಡೆ ಇರುವುದಿಲ್ಲ. ಕನ್ನಡ ವಾಕ್ಯ ಇಂಗ್ಲಿಷಿಗೆ ಸೇರುವ ಜಾಯಿಂಟ್‌ನಲ್ಲಿ ಇರುತ್ತವೆ. ನಾವು ಒಂದೇ ಪದದಿಂದ ಮಾಡುವ ಕೆಲಸವನ್ನು ಅವರು ಎರಡೋ ಮೂರೋ ಪದಗಳಿಗೆ ಹಂಚಿರುತ್ತಾರೆ. ನಮಗೆ ಮೂರೂ ಒಂದೇ ಥರ ಕಾಣುತ್ತವೆ.

ಇದು ನಮ್ಮ ದಡ್ಡತನ ಅಂತ ಯಾರೂ ಅಂದುಕೊಳ್ಳಬೇಡಿ. ನಮ್ಮಲ್ಲಿ ಉತ್ತರ ಭಾರತದಿಂದ ಬಂದ ಸಹೋದ್ಯೋಗಿಯೊಬ್ಬರು ಶ್ರದ್ಧೆಯಿಂದ ಕನ್ನಡ ಕಲಿಯುತ್ತಿದ್ದಾರೆ. ಆಸ್ಪತ್ರೆಯ ಲಿಫ್ಟ್‌ನಲ್ಲಿ ಯಾರೋ ಅವರನ್ನು ಡಾಕ್ಟರ್ ಅಂದುಕೊಂಡರಂತೆ. ಇವರು "ನಾನು ಡಾಕ್ಟರ್ ಇಲ್ಲ" ಅಂದರಂತೆ. ಅಲ್ಲ, ಇಲ್ಲ ಎರಡಕ್ಕೂ ಅವರಿಗೆ ಇರುವುದು ಒಂದೇ ನಹೀ. ನಾವು ಲಿಸನ್, ಹಿಯರ್ ನಡುವೆ ಒದ್ದಾಡುವುದೂ ಇದೇ ಒದ್ದಾಟ.

ಹಾಗಾಗಿ ಮೊದಲ ಕೆಲಸ: ಕೈಕೊಟ್ಟ ಇಂಗ್ಲಿಷ್ ವಾಕ್ಯವನ್ನು ಪಕ್ಕಕ್ಕಿಡಿ. ಮನಸ್ಸಿನಲ್ಲಿ ಮೊದಲು ಹುಟ್ಟಿದ ಕನ್ನಡ ವಾಕ್ಯವನ್ನು ಬಾಯಿಬಿಟ್ಟು ಹೇಳಿ. ಪುಸ್ತಕದ ಕನ್ನಡ ಬೇಡ, ಮನೆಯಲ್ಲಿ ಆಡುವ ಕನ್ನಡ. ಟೆಸ್ಟರ್ ಅಲ್ಲೇ ಸಿಗುತ್ತದೆ.

ಮೊದಲ ಟೆಸ್ಟ್: ನಾನು, ನನಗೆ

ಕೇಳು ಅನ್ನುವುದು ನಮ್ಮಲ್ಲಿ ಭಾರಿ ದುಡಿಯುವ ಪದ. ಹಾಡು ಕೇಳುತ್ತೇವೆ, ದಾರಿ ಕೇಳುತ್ತೇವೆ, ರಜೆ ಕೇಳುತ್ತೇವೆ, ಅಪ್ಪನ ಮಾತು ಕೇಳುತ್ತೇವೆ ಅಥವಾ ಕೇಳುವುದಿಲ್ಲ. ಇಂಗ್ಲಿಷಿನಲ್ಲಿ ಇವೆಲ್ಲ ಬೇರೆಬೇರೆ.

ಈಗ ಇದನ್ನು ಗಮನಿಸಿ. "ನಾನು ಕೇಳಿದೆ" ಅನ್ನುವುದು ಬೇರೆ. "ನನಗೆ ಕೇಳಿಸಿತು" ಅನ್ನುವುದು ಬೇರೆ. ಮೊದಲನೆಯದರಲ್ಲಿ ನಾನು ಏನೋ ಮಾಡಿದೆ. ಎರಡನೆಯದರಲ್ಲಿ ನಾನು ಸುಮ್ನೆ ಇದ್ದೆ, ಸದ್ದು ತಾನಾಗಿ ಬಂತು. ಇಂಗ್ಲಿಷಿನವರು ಲಿಸನ್, ಹಿಯರ್ ಅಂತ ಎರಡು ಪದ ಇಟ್ಟುಕೊಂಡು ಹೇಳುವುದೂ ಇದನ್ನೇ. ಅವರು ಪದ ಬದಲಿಸುತ್ತಾರೆ, ನಾವು ಬಾಲ ಬದಲಿಸುತ್ತೇವೆ.

ಆದ್ದರಿಂದ ಟೆಸ್ಟ್ ಹೀಗೆ. ಕನ್ನಡ ವಾಕ್ಯದಲ್ಲಿ "ನನಗೆ" ಕೂತರೆ ಹಿಯರ್. "ನಾನು" ಕೂತರೆ ಲಿಸನ್ ಅಥವಾ ಆಸ್ಕ್. ರಾತ್ರಿ ನಾಯಿ ಬೊಗಳಿದ್ದು ನನಗೆ ಕೇಳಿಸಿತು, ಹಿಯರ್. ರೇಡಿಯೋದಲ್ಲಿ ವಾರ್ತೆಯನ್ನು ನಾನು ಕೇಳಿದೆ, ಲಿಸನ್. ಲಿಸನ್ ಬಂದಾಗ ಅದರ ಬಾಲಕ್ಕೊಂದು "ಟು" ಕಟ್ಟಬೇಕು. "ಐ ಲಿಸನ್ ಮ್ಯೂಸಿಕ್" ಅಂತ ಬಯೋಡೇಟಾದ ಹವ್ಯಾಸಗಳ ಸಾಲಿನಲ್ಲಿ ಎಷ್ಟು ಸಲ ಓದಿದ್ದೇನೋ.

ಆಸ್ಕ್‌ನಲ್ಲಿ ಇನ್ನೊಂದು ಸಣ್ಣ ಗಂಟಿದೆ. ಕೇಳಿದ್ದಕ್ಕೆ ಕೊನೆಗೆ ಸಿಗುವುದು ಉತ್ತರವಾದರೆ ಬರೀ ಆಸ್ಕ್. ಕೈಗೆ ಏನಾದರೂ ಸಿಗುವುದಾದರೆ ಆಸ್ಕ್ ಫಾರ್. ಮ್ಯಾನೇಜರ್ ಹತ್ತಿರ ರಜೆ ಕೇಳಿದೆ ಅಂದರೆ "ಆಸ್ಕ್ಡ್ ಫಾರ್ ಲೀವ್". ರಜೆ ಸಿಗುತ್ತೋ ಬಿಡುತ್ತೋ, ಫಾರ್ ಅಂತೂ ಬೇಕು.

ಇದೇ ಟೆಸ್ಟರ್ ಕಣ್ಣಿಗೂ ಹೊಂದುತ್ತದೆ. "ನನಗೆ ಕಾಣಿಸಿತು" ಅಂದರೆ ಸೀ. "ನಾನು ನೋಡಿದೆ" ಅಂದರೆ ಲುಕ್. ಕನ್ನಡಕ ಇಲ್ಲದೆ ಬೋರ್ಡ್ ಕಾಣಿಸಲಿಲ್ಲ ಅನ್ನಲು ಲುಕ್ ಹಾಕಿದರೆ, ಬೋರ್ಡ್ ಕಡೆ ತಿರುಗಿಯೂ ನೋಡಲಿಲ್ಲ ಅಂತ ಅರ್ಥವಾಗುತ್ತದೆ. ಲುಕ್‌ಗೆ ಅಂಟಿಕೊಂಡಿರುವುದು "ಆ್ಯಟ್". ಇನ್ನು ವಾಚ್: ಅಲ್ಲಾಡುವ, ನಡೆಯುತ್ತಿರುವ ಏನನ್ನೋ ಸ್ವಲ್ಪ ಹೊತ್ತು ನೋಡುತ್ತಾ ಇರುವುದು. ಮ್ಯಾಚ್, ಟೀವಿ, ಒಲೆ ಮೇಲಿಟ್ಟ ಹಾಲು. ಹಾಲನ್ನು ಲುಕ್ ಮಾಡಿದರೆ ಉಕ್ಕುತ್ತದೆ, ವಾಚ್ ಮಾಡಬೇಕು. ಈ ಟೆಸ್ಟರ್ ಕೈಕೊಡುವ ಜಾಗವೂ ಇದೆ. ಡಾಕ್ಟರನ್ನು ನೋಡುವುದು, ಥಿಯೇಟರಿನಲ್ಲಿ ಸಿನಿಮಾ ನೋಡುವುದು, ಇವು "ನಾನು" ಆದರೂ ಸೀ ನಡೆಯುತ್ತದೆ. ಇವನ್ನು ಹಾಗೇ ಕಲಿತುಬಿಡಿ.

ಮೂರನೆಯದು ನೆನಪು. "ನನಗೆ ನೆನಪಾಯಿತು" ಅಂದರೆ ರಿಮೆಂಬರ್. "ನಾನು ನೆನಪಿಸಿದೆ" ಅಂದರೆ ರಿಮೈಂಡ್. ನಾಳೆ ನೆನಪು ಮಾಡಿ ಅನ್ನಲು "ಪ್ಲೀಸ್ ರಿಮೆಂಬರ್ ಮಿ ಟುಮಾರೊ" ಅಂತ ಬರೆದ ಒಂದು ಮೇಲನ್ನು ನಾನೇ ತಡೆದಿದ್ದೇನೆ. ನಾನು ಹೋದಮೇಲೆ ನನ್ನನ್ನು ಮರೆಯಬೇಡಿ ಅಂತ ಕಣ್ಣೊರೆಸಿಕೊಂಡು ಊರು ಬಿಡುವವರ ಮಾತಿನ ಹಾಗಿತ್ತು.

ಎರಡನೇ ಟೆಸ್ಟ್: ಗೋಡೆ ಕ್ಯಾಲೆಂಡರ್

"ಐ ಆಮ್ ಸಫರಿಂಗ್ ಫ್ರಮ್ ಫೀವರ್ ಸಿನ್ಸ್ ತ್ರೀ ಡೇಸ್." ರಜಾ ಚೀಟಿ ಬರೆದ ನಮ್ಮಲ್ಲಿ ಯಾರು ಈ ವಾಕ್ಯ ಬರೆದಿಲ್ಲ ಹೇಳಿ. ನಾನೂ ಬರೆದಿದ್ದೇನೆ. ಕನ್ನಡದಲ್ಲಿ ಎಲ್ಲ ಸರಿಯಿದೆ: ಮೂರು ದಿನದಿಂದ ಜ್ವರ. ಸೋಮವಾರದಿಂದ ಜ್ವರ. ಎರಡಕ್ಕೂ ಅದೇ "ಇಂದ". ಇಂಗ್ಲಿಷಿನಲ್ಲಿ ಅದು ಎರಡು ತುಂಡು, ಸಿನ್ಸ್ ಮತ್ತು ಫಾರ್.

ಅಡುಗೆಮನೆಯ ಗೋಡೆಯಲ್ಲಿ ಹಾಲಿನ ಲೆಕ್ಕ ಗೀಚಿದ ಕ್ಯಾಲೆಂಡರ್ ಇರುತ್ತದಲ್ಲ, ಅದರ ಮುಂದೆ ನಿಂತುಕೊಳ್ಳಿ. "ಇಂದ" ತೆಗೆದು ಉಳಿದದ್ದನ್ನು ಕ್ಯಾಲೆಂಡರಿನಲ್ಲಿ ಹುಡುಕಿ. ಸೋಮವಾರದ ಮೇಲೆ ಬೆರಳಿಡಬಹುದು. ಮಾರ್ಚ್ 5ರ ಮೇಲೆ ಇಡಬಹುದು. 2019 ಆದರೆ ಹಳೇ ಕ್ಯಾಲೆಂಡರ್ ಹುಡುಕಿ ಇಡಬಹುದು. ಬೆರಳು ಇಡಲು ಜಾಗ ಇದ್ದರೆ ಸಿನ್ಸ್. "ಮೂರು ದಿನ" ಅನ್ನುವುದರ ಮೇಲೆ ಬೆರಳಿಡಲು ಆಗುವುದಿಲ್ಲ. ಅದು ಯಾವ ಮೂರು ದಿನ ಬೇಕಾದರೂ ಆಗಬಹುದು. ಅದು ಅಳತೆ. ಅಳತೆಗೆ ಫಾರ್.

ಪದ ಸರಿಮಾಡಿದ ಮೇಲೆ ಕ್ರಿಯಾಪದವನ್ನೂ ಒಂದು ಸಲ ಅಲ್ಲಾಡಿಸಿ ನೋಡಿ. ನಾವು "ಐದು ವರ್ಷದಿಂದ ಕೆಲಸ ಮಾಡ್ತಿದ್ದೀನಿ" ಅಂತ ವರ್ತಮಾನದಲ್ಲೇ ಹೇಳುತ್ತೇವೆ. ಅವರು "ಐ ಹ್ಯಾವ್ ಬೀನ್ ವರ್ಕಿಂಗ್" ಅನ್ನುತ್ತಾರೆ. ಐದು ವರ್ಷ ಹಿಂದೆ ಶುರುವಾದದ್ದು ವಾಕ್ಯದಲ್ಲಿ ಕಾಣಬೇಕು ಅನ್ನುವುದು ಅವರ ಹಟ. ಸಿನ್ಸ್ ಸರಿಮಾಡಿ "ಐ ಆಮ್ ವರ್ಕಿಂಗ್" ಹಾಗೇ ಬಿಟ್ಟರೆ, ನಲ್ಲಿ ಬದಲಾಯಿಸಿ ವಾಷರ್ ಹಳೇದೇ ಹಾಕಿದ ಹಾಗೆ. ತೊಟ್ಟಿಕ್ಕುತ್ತಲೇ ಇರುತ್ತದೆ.

ಅದೇ ಕ್ಯಾಲೆಂಡರ್ ಇನ್ನೊಂದು ತಪ್ಪನ್ನೂ ಹಿಡಿಯುತ್ತದೆ. "ಶುಕ್ರವಾರದೊಳಗೆ ಕೊಡ್ತೀನಿ" ಅನ್ನುವುದು ನಮ್ಮ ಕೈಯಲ್ಲಿ "ವಿದಿನ್ ಫ್ರೈಡೇ" ಆಗುತ್ತದೆ. ಒಳಗೆ ಅಂದರೆ ವಿದಿನ್ ಅಂತ ಶಾಲೆಯಲ್ಲಿ ಕಲಿತದ್ದು. ಶುಕ್ರವಾರದ ಮೇಲೆ ಬೆರಳಿಡಬಹುದು, ಆದ್ದರಿಂದ ಬೈ: "ಬೈ ಫ್ರೈಡೇ". ಎರಡು ದಿನದೊಳಗೆ ಅಂದರೆ ಅಳತೆ, ಅಲ್ಲಿ ವಿದಿನ್: "ವಿದಿನ್ ಟೂ ಡೇಸ್". ಬೆರಳಿಡುವ ಜಾಗಕ್ಕೆ ಸಿನ್ಸ್ ಮತ್ತು ಬೈ, ಅಳತೆಗೆ ಫಾರ್ ಮತ್ತು ವಿದಿನ್.

ಬೈ ಮತ್ತು ಅಂಟಿಲ್ ಗೊಂದಲ ದುಡ್ಡಿಗೆ ತಾಗುವಂಥದ್ದು. ಪುಣ್ಯಕ್ಕೆ ಕನ್ನಡದಲ್ಲಿ ಇದು ಸ್ಪಷ್ಟವಾಗಿದೆ. ಒಳಗೆ ಬೇರೆ, ವರೆಗೆ ಬೇರೆ. "ಶುಕ್ರವಾರದವರೆಗೆ ಅಂಗಡಿ ತೆಗೆದಿರುತ್ತೆ" ಅಂದರೆ ಅಲ್ಲಿಯತನಕ ದಿನಾ ತೆಗೆದಿರುತ್ತದೆ, ಅಂಟಿಲ್. "ಶುಕ್ರವಾರದೊಳಗೆ ಬಿಲ್ ಕಟ್ಟಿ" ಅಂದರೆ ಅಷ್ಟರಲ್ಲಿ ಒಂದು ಸಲ ಕಟ್ಟಿದರೆ ಸಾಕು, ಬೈ. ಕನ್ನಡ ವಾಕ್ಯವನ್ನು ಬಾಯಿಬಿಟ್ಟು ಹೇಳಿದರೆ ಇಲ್ಲಿ ತಪ್ಪುವ ಪ್ರಶ್ನೆಯೇ ಇಲ್ಲ. ತಪ್ಪುವವರು ಕನ್ನಡ ಬಿಟ್ಟು ಅರ್ಧ ಇಂಗ್ಲಿಷಿನಲ್ಲಿ ಯೋಚಿಸುವವರು.

ಒಂದು ಎಚ್ಚರಿಕೆ. ವರೆಗೆ ನಮಗೆ ಜಾಗಕ್ಕೂ ಬರುತ್ತದೆ. "ಈ ಬಸ್ ಮೆಜೆಸ್ಟಿಕ್‌ವರೆಗೂ ಹೋಗುತ್ತಾ?" ಇದಕ್ಕೆ "ಅಂಟಿಲ್ ಮೆಜೆಸ್ಟಿಕ್" ಹೊಂದುವುದಿಲ್ಲ. ಅಂಟಿಲ್ ಹೊತ್ತಿಗೆ ಮಾತ್ರ. ಜಾಗಕ್ಕೆ "ಆ್ಯಸ್ ಫಾರ್ ಆ್ಯಸ್" (ಇದು ಅಳತೆಯ ಫಾರ್ ಅಲ್ಲ, ದೂರ ಅನ್ನುವ ಫಾರ್).

ಬೇಗ ಮುಗಿಯುವ ಎರಡು ರಿಪೇರಿ

ಸೇ, ಟೆಲ್. ಎರಡೂ ಹೇಳು. ಟೆಲ್ ಬಂದರೆ ಬೆನ್ನಿಗೇ ಯಾರಿಗೆ ಅನ್ನುವುದು ಬರಬೇಕು, ನಡುವೆ "ಟು" ಬೇಡ. "ಹಿ ಟೋಲ್ಡ್ ಮಿ." ಯಾರಿಗೆ ಅಂತ ಹೇಳದಿದ್ದರೆ ಸೇ: "ಹಿ ಸೆಡ್ ದಟ್". "ಅವರಿಗೆ" ಅನ್ನುವುದರ "ಗೆ"ಯನ್ನು ಹಿಡಿದುಕೊಂಡು ನಾವು "ಟೋಲ್ಡ್ ಟು ಹಿಮ್" ಮಾಡುತ್ತೇವೆ. ಆ "ಗೆ"ಯನ್ನು ಮನೆಯಲ್ಲೇ ಬಿಟ್ಟು ಹೋಗಿ.

ಬಾರೋ, ಲೆಂಡ್. ಕನ್ನಡದಲ್ಲಿ ಸಾಲ ತಗೊಳ್ಳೋದು, ಸಾಲ ಕೊಡೋದು. ತಗೊಳ್ಳೋದು ಬಾರೋ, ಕೊಡೋದು ಲೆಂಡ್. "ನಿಮ್ಮ ಪೆನ್ ಬಾರೋ ಕೊಡಿ" ಅಂತ ಯಾರಾದರೂ ಅಂದರೆ ಅವರಿಗೆ ಪೆನ್ ಕೊಟ್ಟುಬಿಡಿ, ಪಾಠ ಆಮೇಲೆ. ಅಂದಹಾಗೆ ಕೈಗಡಕ್ಕೆ ನಾವು ಹೇಳುವ "ಹ್ಯಾಂಡ್ ಲೋನ್" ಲಂಡನ್ನಿನವರಿಗೆ ಹೊಳೆಯುವುದಿಲ್ಲ.

ಮನೆಗೆ ಬಂದು ಬದಲಾದ ಪದಗಳು

ಇದು ಬೇರೆ ಜಾತಿಯ ದೋಷ. ಪತ್ತೆ ಮಾಡುವುದು ಕಷ್ಟ. ಯಾಕೆಂದರೆ ಇಲ್ಲಿ ಪದ ಇಂಗ್ಲಿಷೇ, ಉಚ್ಚಾರವೂ ಸರಿ, ನಾವು ಅದನ್ನು ಹುಟ್ಟಿದಾಗಿನಿಂದ ಬಳಸುತ್ತಿದ್ದೇವೆ. ಆದರೆ ಕನ್ನಡಕ್ಕೆ ಬಂದ ಮೇಲೆ ಅದು ಅರ್ಥ ಬದಲಿಸಿಕೊಂಡಿದೆ. ವಾಪಸ್ ಇಂಗ್ಲಿಷಿಗೆ ಕಳಿಸಿದರೆ ತವರಿನವರೇ ಗುರುತು ಹಿಡಿಯುವುದಿಲ್ಲ.

ನನ್ನ ಚಿಕ್ಕಪ್ಪನ ಮಗ ಮ್ಯಾಂಚೆಸ್ಟರಿನಲ್ಲಿ ಬಾಡಿಗೆಗೆ ಇದ್ದ. ಮನೆ ಬಿಡುವಾಗ ಓನರಿಗೆ ಬರೆದ: ನನ್ನ ಅಡ್ವಾನ್ಸ್ ವಾಪಸ್ ಕೊಡಿ. ಅವರು ಉತ್ತರ ಬರೆದರು: ನೀವು ಯಾವ ಅಡ್ವಾನ್ಸನ್ನೂ ಕೊಟ್ಟಿಲ್ಲವಲ್ಲ. ಇವನಿಗೆ ಎದೆ ಧಸಕ್ಕೆಂದಿತು. ದುಡ್ಡು ನುಂಗುತ್ತಿದ್ದಾರೆ ಅಂದುಕೊಂಡು ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಮಾಡಿದ. "ಅಣ್ಣಾ, ರಸೀದಿ ಇದೆ, ಆದ್ರೂ ಕೊಟ್ಟೇ ಇಲ್ಲ ಅಂತಾರೆ." ರಸೀದಿಯ ಫೋಟೋ ಕಳಿಸು ಅಂದೆ. ಅದರಲ್ಲಿ ಡೆಪಾಸಿಟ್ ಅಂತ ಇತ್ತು.

ಬೆಂಗಳೂರಿನಲ್ಲಿ ಮನೆ ಹುಡುಕಿದವರಿಗೆ ಅಡ್ವಾನ್ಸ್ ಅಂದರೆ ಗೊತ್ತೇ ಇದೆ. ಮೊದಲು ಹತ್ತು ತಿಂಗಳ ಬಾಡಿಗೆಯಷ್ಟು ಒಟ್ಟಿಗೆ ಕೊಡುವುದು, ಬಿಡುವಾಗ ಪೇಂಟಿಂಗ್ ಖರ್ಚು ಹಿಡಿದುಕೊಂಡು ಉಳಿದದ್ದು ವಾಪಸ್. ಅದು ಅಸಲಿಗೆ ಠೇವಣಿ. ಇಂಗ್ಲಿಷಿನ ಅಡ್ವಾನ್ಸ್ ಮುಂಗಡ: ಮುಂದಿನ ಬಾಡಿಗೆಯನ್ನು ಇಂದೇ ಕಟ್ಟಿಬಿಡುವುದು, ಅದು ಖರ್ಚಾಗಿಹೋಗುವ ದುಡ್ಡು. ಅವರು ಹೇಳಿದ್ದು ಸರಿಯೇ. ಇವನು ಮುಂಗಡ ಕೊಟ್ಟಿರಲಿಲ್ಲ. ಡೆಪಾಸಿಟ್ ಅಂತ ತಿದ್ದಿ ಬರೆದ, ದುಡ್ಡು ಬಂತು. ಇಂಗ್ಲೆಂಡಿನಲ್ಲಿ 2019ರ ಕಾನೂನಿನ ಪ್ರಕಾರ, ವರ್ಷದ ಬಾಡಿಗೆ 50,000 ಪೌಂಡಿಗಿಂತ ಕಡಿಮೆ ಇರುವ ಮನೆಗೆ ಐದು ವಾರದ ಬಾಡಿಗೆಗಿಂತ ಜಾಸ್ತಿ ಡೆಪಾಸಿಟ್ ಕೇಳುವ ಹಾಗಿಲ್ಲ. ಐದು ವಾರ! ಹತ್ತು ತಿಂಗಳು ಕೊಟ್ಟು ಅಭ್ಯಾಸ ಇರುವ ನಮಗೆ ಅದು ಚಿಲ್ಲರೆ ಕಾಸು.

ಇಲ್ಲಿ ಟೆಸ್ಟ್ ಹೀಗೆ: ಆ ಇಂಗ್ಲಿಷ್ ಪದವನ್ನು ತೆಗೆದು ಅಚ್ಚಗನ್ನಡ ಅಥವಾ ಹಳೇ ಪದ ಹಾಕಿ ನೋಡಿ. ಅಡ್ವಾನ್ಸ್ ಜಾಗದಲ್ಲಿ ಮುಂಗಡ ಕೂರುತ್ತದೋ, ಠೇವಣಿ ಕೂರುತ್ತದೋ? ಅಂಗಡಿಯಲ್ಲಿ ಕವರ್ ಕೇಳುತ್ತೀರಲ್ಲ, ಅದು ಲಕೋಟೆಯೋ ಚೀಲವೋ? ಚೀಲವಾದರೆ ಹೊರದೇಶದಲ್ಲಿ ಬ್ಯಾಗ್ ಅನ್ನಿ. ಹೋಟೆಲ್‌ಗೆ ಹೋಗಿ ತಿಂಡಿ ತಿಂದೆ ಅನ್ನುವುದರಲ್ಲಿ ಹೋಟೆಲ್ ಊಟದ್ದೋ ಉಳಿಯುವುದೋ? ಊಟದ್ದಾದರೆ ರೆಸ್ಟೋರೆಂಟ್. ಮಸಾಲೆದೋಸೆಗೆ ಹೋಟೆಲಿಗೆ ಹೋದೆ ಅಂದರೆ, ದೋಸೆಗೋಸ್ಕರ ರೂಮ್ ಬುಕ್ ಮಾಡಿದ್ರಾ ಅಂತ ಅವರು ಗಾಬರಿಯಾಗಬಹುದು.

ಇವೆಲ್ಲ ನಗುವ ತಪ್ಪುಗಳು. ನಗಲಾಗದ್ದು ಡೌಟ್. ಕ್ಲಾಸಿನಲ್ಲಿ ಕೈಯೆತ್ತಿ "ಸರ್, ಒಂದು ಡೌಟ್" ಅಂದಾಗ ನಮ್ಮ ಅರ್ಥ ಒಂದು ಪ್ರಶ್ನೆ ಅಂತ. ಇಂಗ್ಲಿಷಿನಲ್ಲಿ ಡೌಟ್ ಅಂದರೆ ಅನುಮಾನ. ಕನ್ನಡದಲ್ಲೇ ಹೇಳಿ ನೋಡಿ: "ನಿಮ್ಮ ಬಿಲ್ ಬಗ್ಗೆ ನನಗೆ ಅನುಮಾನ ಇದೆ." ಇದನ್ನು ಗಿರಾಕಿಯ ಮುಖಕ್ಕೆ ಹೇಳುತ್ತೀರಾ? ಹೇಳುವುದಿಲ್ಲ ಅಂತಾದರೆ ಕ್ವೆಶ್ಚನ್ ಅಂತ ಬರೆಯಿರಿ.

ರಿವರ್ಟ್ ಕೂಡ ಇದೇ ಗುಂಪು. ನಮ್ಮ ಆಫೀಸುಗಳಲ್ಲಿ "ಐ ವಿಲ್ ರಿವರ್ಟ್" ಅಂದರೆ ಉತ್ತರ ಕೊಡ್ತೀನಿ. ಹೊರಗಿನವರಿಗೆ ರಿವರ್ಟ್ ಅಂದರೆ ಮೊದಲಿದ್ದ ಹಾಗೆ ಮಾಡುವುದು. ಸಾಫ್ಟ್‌ವೇರ್ ಕೆಲಸದಲ್ಲಿ ಇದು ನಿಜಕ್ಕೂ ಅಪಾಯ. ಅಲ್ಲಿ ರಿವರ್ಟ್ ಅಂದರೆ ಹಾಕಿದ ಕೋಡನ್ನು ತೆಗೆದು ಹಳೆಯದಕ್ಕೆ ಮರಳುವುದು. "ಪ್ಲೀಸ್ ರಿವರ್ಟ್ ಆನ್ ದಿಸ್ ಚೇಂಜ್" ಅಂತ ಬರೆದು ಉತ್ತರಕ್ಕೆ ಕಾದರೆ, ಉತ್ತರ ಬರದೆ ಬದಲಾವಣೆಯೇ ಮಾಯವಾಗಿರಬಹುದು. ರಿಪ್ಲೈ ಅನ್ನುವ ಪದಕ್ಕೆ ಏನಾಗಿದೆ ಅಂತ ಬಿಟ್ಟಿದ್ದಾರೋ ನನಗಂತೂ ತಿಳಿಯದು.

ಹಾಲು, ಕ್ಷೀರ

ಕೆಲವು ಮೇಲ್‌ಗಳಲ್ಲಿ ಯಾವ ಪದವೂ ತಪ್ಪಿರುವುದಿಲ್ಲ. ಆದರೂ ಮದುವೆ ರೇಷ್ಮೆ ಉಟ್ಟುಕೊಂಡು ತರಕಾರಿ ತರಲು ಹೊರಟ ಹಾಗಿರುತ್ತದೆ. ಬಿಗಿನ್ ಇರಬೇಕಾದಲ್ಲಿ ಕಮೆನ್ಸ್, ಬೈ ಮಾಡಿದ ಪೆನ್ನಿಗೆ ಪರ್ಚೇಸ್, ಹೆಲ್ಪ್ ಜಾಗದಲ್ಲಿ ಅಸಿಸ್ಟೆನ್ಸ್.

ಕಾರಣ ಹಳೆಯದು. 1066ರಲ್ಲಿ ಫ್ರೆಂಚ್ ಮಾತಾಡುವ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಅರಮನೆ, ಕೋರ್ಟು ಫ್ರೆಂಚಿನಲ್ಲಿ ನಡೆದವು. ಗದ್ದೆ, ಅಡುಗೆಮನೆ ಹಳೇ ಇಂಗ್ಲಿಷಿನಲ್ಲೇ ಉಳಿದವು. ಪಂಡಿತರು ಲ್ಯಾಟಿನ್ನಿನಿಂದಲೂ ತಂದು ಸುರಿದರು. ಹೀಗೆ ಒಂದೇ ಕೆಲಸಕ್ಕೆ ಮೂರು ಮೆಟ್ಟಿಲಿನ ಪದಗಳಾದವು. ಆಸ್ಕ್ ನೆಲದ ಮೇಲಿನದು, ಕ್ವೆಶ್ಚನ್ ಫ್ರೆಂಚಿನದು, ಇಂಟರಾಗೇಟ್ ಲ್ಯಾಟಿನ್ನಿನದು. ಮಗುವನ್ನು ಊಟ ಆಯ್ತಾ ಅಂತ ಆಸ್ಕ್ ಮಾಡುತ್ತಾರೆ. ಇಂಟರಾಗೇಟ್ ಮಾಡುವವರು ಪೊಲೀಸರು.

ಕನ್ನಡಿಗರಿಗೆ ಇದನ್ನು ಕಲಿಸಬೇಕಾಗಿಯೇ ಇಲ್ಲ. ನಮ್ಮ ಮನೆಯಲ್ಲೇ ಇದೆ. 2013ರಲ್ಲಿ ಶಾಲೆ ಮಕ್ಕಳಿಗೆ ಸರ್ಕಾರ ಶುರುಮಾಡಿದ ಯೋಜನೆಯ ಹೆಸರು ಕ್ಷೀರಭಾಗ್ಯ. ಮಕ್ಕಳು ಕುಡಿಯುವುದು ಹಾಲು. ಬೆಂಕಿ ಬಿದ್ದಾಗ ಕರೆಯುವುದು ಅಗ್ನಿಶಾಮಕ ದಳವನ್ನು. ಆದರೆ "ಅಗ್ನಿ ಬಿತ್ತು, ಓಡಿ!" ಅಂತ ಯಾರೂ ಕೂಗುವುದಿಲ್ಲ. ನೇತ್ರದಾನ ಬೋರ್ಡಿನ ಮೇಲೆ, ಕಣ್ಣುರಿ ಮನೆಯಲ್ಲಿ. ಕಮೆನ್ಸ್ ಬರೆಯುವ ಮುಂಚೆ ಕೇಳಿಕೊಳ್ಳಿ: ಇದನ್ನು ಕನ್ನಡದಲ್ಲಿ ಹೇಳಿದರೆ ಹಾಲು ಅನ್ನುತ್ತಿದ್ದೆನೋ, ಕ್ಷೀರ ಅನ್ನುತ್ತಿದ್ದೆನೋ? ನೂರಕ್ಕೆ ತೊಂಬತ್ತು ಮೇಲ್‌ಗಳಿಗೆ ಹಾಲು ಸಾಕು.

ದೋಷವೇ ಅಲ್ಲದ್ದು

ರಿಪೇರಿ ಮಾಡುವವನಿಗೆ ಕೈ ಸುಮ್ಮನಿರುವುದಿಲ್ಲ. ಚೆನ್ನಾಗಿರುವುದನ್ನೂ ಬಿಚ್ಚುತ್ತಾನೆ. ಆದ್ದರಿಂದ ಇವನ್ನು ಬಿಟ್ಟುಬಿಡಿ.

ಪೆಟ್ರೋಲ್ ಟ್ಯಾಂಕರ್ ಹಿಂದೆ "ಹೈಲಿ ಇನ್‌ಫ್ಲ್ಯಾಮಬಲ್" ಅಂತ ಬರೆದಿರುತ್ತದೆ. ಇನ್ ಅಂದರೆ ಅಲ್ಲ ಅಂತ ಕಲಿತವರು, ಹಾಗಾದರೆ ಇದಕ್ಕೆ ಬೆಂಕಿ ಹತ್ತುವುದಿಲ್ಲವಾ ಅಂದುಕೊಳ್ಳಬಹುದು. ಹತ್ತುತ್ತದೆ. ಫ್ಲ್ಯಾಮಬಲ್, ಇನ್‌ಫ್ಲ್ಯಾಮಬಲ್ ಎರಡಕ್ಕೂ ಒಂದೇ ಅರ್ಥ. ಈ ಇನ್ ಅಲ್ಲಗಳೆಯುವುದಲ್ಲ, ಉರಿ ಹಚ್ಚು ಅನ್ನುವ ಲ್ಯಾಟಿನ್ ಪದದ್ದು. ಈ ಗೊಂದಲಕ್ಕೆ ಹೆದರಿಯೇ ಅಮೆರಿಕದ ನ್ಯಾಷನಲ್ ಫೈರ್ ಪ್ರೊಟೆಕ್ಷನ್ ಅಸೋಸಿಯೇಷನ್ 1920ರ ದಶಕದಲ್ಲಿ ಫ್ಲ್ಯಾಮಬಲ್ ಅನ್ನೇ ಬಳಸಿ ಅಂತ ಒತ್ತಾಯ ಮಾಡಿತು. ನೀವು ಬರೆಯುವುದಾದರೆ ಫ್ಲ್ಯಾಮಬಲ್ ಬರೆಯಿರಿ. ಓದುವುದಾದರೆ ಎರಡರಿಂದಲೂ ಬೀಡಿ ದೂರ ಇಡಿ.

ಲೆಸ್, ಫ್ಯೂಯರ್. ನಮಗೆ ಎರಡೂ ಕಡಿಮೆ. ಎಣಿಸುವುದಕ್ಕೆ ಫ್ಯೂಯರ್, ಅಳೆಯುವುದಕ್ಕೆ ಲೆಸ್ ಅನ್ನುವ ನಿಯಮ ಇದೆ. ರಾಬರ್ಟ್ ಬೇಕರ್ ಅನ್ನುವವರು 1770ರಲ್ಲಿ ಹೀಗಿದ್ದರೆ ಚೆಂದ ಅಂತ ಬರೆದದ್ದು ಆಮೇಲೆ ನಿಯಮವಾಗಿ ಕೂತಿತು. ಬ್ರಿಟನ್ನಿನ ಟೆಸ್ಕೊ ಅಂಗಡಿಗಳ ಬಿಲ್ಲಿಂಗ್ ಸಾಲಿನಲ್ಲಿ "ಹತ್ತು ಐಟಂ ಆರ್ ಲೆಸ್" ಅಂತ ಇದ್ದ ಬೋರ್ಡಿನ ಬಗ್ಗೆ ತಕರಾರು ಎದ್ದು, 2008ರಲ್ಲಿ "ಅಪ್ ಟು" ಅಂತ ಬದಲಾಯಿಸಿದರು. ಎರಡೂ ಬೇಡ ಅಂತ ನುಣುಚಿಕೊಂಡರು, ಜಾಣರು. ಪರೀಕ್ಷೆಯಲ್ಲಿ ನಿಯಮ ಪಾಲಿಸಿ. ಮೇಲ್‌ನಲ್ಲಿ ಇದರ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಬಾಯಿಪಾಠ ಮಾಡಬೇಕಾದದ್ದು

ಕನ್ನಡದ ಒಳಗೆ ಟೆಸ್ಟರ್ ಸಿಗದ ಜೋಡಿಗಳೂ ಇವೆ. ಬೆರಳು ಕೈಯದ್ದಾದರೆ ಫಿಂಗರ್, ಕಾಲಿನದಾದರೆ ಟೋ. ಗಡಿಯಾರ ಗೋಡೆಯದ್ದು ಕ್ಲಾಕ್, ಕೈಯದ್ದು ವಾಚ್. ನೆರಳಿನಲ್ಲಿ ಕೂರಬಹುದಾದರೆ ಶೇಡ್, ಅದಕ್ಕೊಂದು ಆಕಾರ ಇದ್ದರೆ ಶ್ಯಾಡೋ. ಹೊಂಗೆ ಮರದ ಶೇಡ್, ನನ್ನ ಶ್ಯಾಡೋ. ಎತ್ತರದ ಮನುಷ್ಯ, ಮರ, ಕಟ್ಟಡ ಟಾಲ್. ಬೆಟ್ಟ ಹೈ. ಇವಕ್ಕೆ ಕಲಿಯುವವರಿಗೆಂದೇ ಮಾಡಿದ ಇಂಗ್ಲಿಷ್–ಇಂಗ್ಲಿಷ್ ನಿಘಂಟು ಒಳ್ಳೆಯದು. ಪದದ ಜೊತೆ ವಾಕ್ಯ ಕೊಟ್ಟಿರುತ್ತಾರೆ. ಅಂಥದ್ದರಲ್ಲಿ ಹೆಸರುವಾಸಿಯಾದ ಒಂದು ಮೊದಲು ಅಚ್ಚಾದದ್ದು 1942ರಲ್ಲಿ, ಟೋಕಿಯೋದಲ್ಲಿ. ಜಪಾನೀಯರಿಗೆ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತವರ ಜೊತೆಗಾರರು ಮಾಡಿದ್ದು.

ಒಂದು ಮೇಲ್, ಬಿಚ್ಚಿ ಜೋಡಿಸಿದ್ದು

ಆ ಕಾಲ್ ಆದ ವಾರವೇ ಅದೇ ಹುಡುಗಿ ಒಂದು ಮೇಲ್ ತಂದಳು. ನಮಗೆ ಮಾಲು ಕಳಿಸುವ ಒಂದು ಕಂಪನಿಗೆ ಹೋಗಬೇಕಾದದ್ದು. ಹೀಗಿತ್ತು:

"ಡಿಯರ್ ಸರ್, ಐ ಆಮ್ ಹ್ಯಾಂಡ್ಲಿಂಗ್ ಪೇಮೆಂಟ್ಸ್ ಸಿನ್ಸ್ ಟೂ ಮಂತ್ಸ್. ಐ ಹ್ಯಾವ್ ಎ ಡೌಟ್ ಅಬೌಟ್ ಯುವರ್ ಇನ್‌ವಾಯ್ಸ್. ಮೈ ಮ್ಯಾನೇಜರ್ ಟೋಲ್ಡ್ ದಟ್ ವಿ ಶುಡ್ ಪೇ ವಿದಿನ್ ಫ್ರೈಡೇ. ಪ್ಲೀಸ್ ರಿಮೆಂಬರ್ ಮಿ ಆನ್ ಥರ್ಸ್‌ಡೇ."

ತಿದ್ದಿ ಕೊಡಲಿಲ್ಲ. ಕನ್ನಡದಲ್ಲಿ ಹೇಳು ಅಂದೆ. "ಎರಡು ತಿಂಗಳಿಂದ ಪೇಮೆಂಟ್ ನೋಡ್ಕೊಳ್ತಿದ್ದೀನಿ..." ಅಂತ ಶುರುಮಾಡಿ ತಾನೇ ನಿಂತಳು. ಗೋಡೆ ಕಡೆ ನೋಡಿದಳು. ಅಲ್ಲಿ ಕ್ಯಾಲೆಂಡರ್ ಇರಲಿಲ್ಲ, ಆದರೂ ಬೆರಳು ಎತ್ತಿದಳು. "ಇದು ಅಳತೆ ಸರ್, ಫಾರ್." ಅನುಮಾನ ಅನ್ನುವಲ್ಲಿ ನಾಲಿಗೆ ಕಚ್ಚಿಕೊಂಡಳು. ಶುಕ್ರವಾರ ಬೈ ಆಯಿತು. ನೆನಪಿಸಿ ಅನ್ನುವುದು ರಿಮೈಂಡ್ ಆಯಿತು. ಟೋಲ್ಡ್ ದಟ್‌ಗೆ ಸ್ವಲ್ಪ ಹೊತ್ತು ಬೇಕಾಯಿತು. ಯಾರಿಗೆ ಹೇಳಿದರು ಅಂದೆ. ನನಗೆ ಅಂದಳು. ಅದನ್ನೇ ಬರಿ ಅಂದೆ. ಕೊನೆಗೆ ಹೀಗಾಯಿತು:

"ಡಿಯರ್ ಸರ್, ಐ ಹ್ಯಾವ್ ಬೀನ್ ಹ್ಯಾಂಡ್ಲಿಂಗ್ ಪೇಮೆಂಟ್ಸ್ ಫಾರ್ ಟೂ ಮಂತ್ಸ್. ಐ ಹ್ಯಾವ್ ಎ ಕ್ವೆಶ್ಚನ್ ಅಬೌಟ್ ಯುವರ್ ಇನ್‌ವಾಯ್ಸ್. ಮೈ ಮ್ಯಾನೇಜರ್ ಟೋಲ್ಡ್ ಮಿ ದಟ್ ವಿ ಶುಡ್ ಪೇ ಬೈ ಫ್ರೈಡೇ. ಪ್ಲೀಸ್ ರಿಮೈಂಡ್ ಮಿ ಆನ್ ಥರ್ಸ್‌ಡೇ."

ಇಬ್ಬರೂ ಎರಡೆರಡು ಸಲ ಓದಿದೆವು. ಒಂದು ಕಲ್ಲೂ ಸಿಗಲಿಲ್ಲ. ಕಳಿಸಿದಳು. ಸಂಜೆ ಉತ್ತರ ಬಂತು. ಬಿಲ್ಲಿನ ಪ್ರಶ್ನೆಗೆ ವಿವರವಾಗಿ ಬರೆದಿದ್ದರು, ಗುರುವಾರ ನೆನಪಿಸ್ತೀನಿ ಅಂದಿದ್ದರು. ಕೆಳಗೆ ಒಂದೇ ಒಂದು ಸಾಲು ಜಾಸ್ತಿ ಇತ್ತು: ಅಂದಹಾಗೆ, ನಾನು ಸರ್ ಅಲ್ಲ, ಮೇಡಂ.